ಐದಾರು ಮನೆ ಸಂಸಾರ, ಗಡಿಯಾರ ಮಾತ್ರ ಯಾರ ಕೈಲಿ?

ಕಳೆದ ಸಂಚಿಕೆಲಿ ಒಂದೇ ಒಂದು ಸಾಲು ಬರೆದಿದ್ದೆ ಅಷ್ಟೆ, "ದಿ ಸಿಮ್ಸ್ ಆಡೋರು ಒಂದೇ ಮನೆಗೆ ಅಂಟ್ಕೊಂಡು ಕೂರಬೇಡಿ, ಊರಲ್ಲಿರೋ ನಾಲ್ಕೈದು ಮನೆನ ಸರದಿ ಮೇಲೆ ಆಡಿ ನೋಡಿ" ಅಂತ. ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆನೇ. ಹಂಗಾಗಿ ಬೇರೆ ಆಟದ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕೆ, ಬೇಜಾರು ಮಾಡ್ಕೋಬೇಡಿ.

ಗೊತ್ತಿಲ್ಲದೋರಿಗೆ ಎರಡು ಮಾತು: 2000ನೇ ಇಸವಿಲಿ ವಿಲ್ ರೈಟ್ ಮತ್ತೆ ಮ್ಯಾಕ್ಸಿಸ್ ತಂಡ ಹೊರಗೆ ತಂದ ಆಟ ಇದು, ಗೆಲ್ಲೋದು ಸೋಲೋದು ಏನಿಲ್ಲ, ಕಂಪ್ಯೂಟರ್ ಒಳಗೆ ಒಂದಷ್ಟು ಜನ ಇರ್ತಾರೆ, ಅವರ ಊಟ ನಿದ್ದೆ ಕೆಲಸ ಮದುವೆ ಮಕ್ಕಳು ಜಗಳ ಎಲ್ಲ ನಾವು ನೋಡ್ಕೋಬೇಕು. ಒಂದು ಹೊತ್ತಲ್ಲಿ ಒಂದು ಮನೆ ಮಾತ್ರ ನಮ್ಮ ಕೈಲಿರತ್ತೆ. ಇವತ್ತು ಈ ಮನೆ, ನಾಲ್ಕು ದಿನ ಬಿಟ್ಟು ಪಕ್ಕದ ಮನೆ, ಆಮೇಲೆ ಎದುರು ಮನೆ, ಮತ್ತೆ ವಾಪಸ್ ಮೊದಲನೇ ಮನೆ, ಹಿಂಗೆ ಸುತ್ತು ಹಾಕ್ಕೊಂಡು ಆಡೋದನ್ನೇ ನಾನು ಸರದಿ ಆಟ ಅಂತಿರೋದು.

ಅಕ್ಕ, ಒಂದೊಂದು ಮನೇಲಿ ಎಷ್ಟು ದಿನ ಆಡಿ ಮುಂದಿನ ಮನೆಗೆ ಹೋಗ್ಬೇಕು? ಒಬ್ಬರು ಒಂದು ದಿನ ಅಂತಾರೆ, ಇನ್ನೊಬ್ಬರು ಒಂದು ವಾರ ಅಂತಾರೆ, ತಲೆ ಕೆಟ್ಟೋಗಿದೆ. (ಈಗಷ್ಟೇ ಶುರು ಮಾಡಿರೋಳು)

ದಿನದ ಲೆಕ್ಕ ಆಮೇಲೆ. ಮೊದ್ಲು ನೀವು ಆಡ್ತಿರೋದು ಎಷ್ಟನೇ ಸಿಮ್ಸ್ ಅಂತ ನೋಡ್ಕೊಳ್ಳಿ, ಯಾಕಂದ್ರೆ ಒಂದೊಂದರಲ್ಲಿ ಗಡಿಯಾರ ಒಬ್ಬೊಬ್ಬರ ಕೈಲಿದೆ, ಸರದಿ ಆಟದ ತಲೆನೋವೆಲ್ಲ ಹುಟ್ಟೋದೇ ಅಲ್ಲಿಂದ.

2004ರ ಸಿಮ್ಸ್ 2ರಲ್ಲಿ ಮನೆಗೊಂದು ಗಡಿಯಾರ. ಮಂಗಳವಾರ ರಾತ್ರಿ 3 ಗಂಟೆಗೆ ಸೇವ್ ಮಾಡಿ ಎದ್ದು ಬಂದ್ರೆ, ಬೇರೆ ಮನೇಲಿ ಇಪ್ಪತ್ತು ದಿನ ಆಡಿ ವಾಪಸ್ ಹೋದ್ರೂ ಅಲ್ಲಿ ಮಂಗಳವಾರ ರಾತ್ರಿ 3 ಗಂಟೆನೇ, ಸಿಂಕ್ ಹತ್ರ ನಿಂತಿರೋ ನೀರು ಹಂಗೇ, ತೊಳೀದೆ ಬಿಟ್ಟ ತಟ್ಟೆ ಹಂಗೇ, ಅಳ್ತಿದ್ದ ಮಗು ಇನ್ನೂ ಅದೇ ಅಳು. 2009ರ ಸಿಮ್ಸ್ 3ರಲ್ಲಿ ಗಡಿಯಾರ ಊರಿಂದು, ನೀವು ಯಾರ ಮನೇಲಿದ್ರೂ ಇಡೀ ಊರು ಬದುಕ್ತಾ ಇರತ್ತೆ, ವಯಸ್ಸಾಗ್ತಾ ಇರತ್ತೆ. 2014ರ ಸಿಮ್ಸ್ 4 ಎರಡರ ನಡುವೆ: ಗಡಿಯಾರ, ಕ್ಯಾಲೆಂಡರು ಎಲ್ಲರಿಗೂ ಒಂದೇ, ಆದ್ರೆ ಯಾರಿಗೆ ವಯಸ್ಸಾಗ್ಬೇಕು ಯಾರಿಗೆ ಆಗ್ಬಾರದು ಅನ್ನೋದು ಸೆಟಿಂಗ್ಸಲ್ಲಿ ನಿಮ್ಮ ಕೈಲಿ.

ಈಗ ದಿನ. ಸಿಮ್ಸ್ 2ರಲ್ಲಿ ಎಳೆ ಮಗು 3 ದಿನ, ಅಂಬೆಗಾಲಿನ ಮಗು 4 ದಿನ, ಸ್ಕೂಲ್ ಮಗು 8 ದಿನ, ಟೀನೇಜು 15, ದೊಡ್ಡೋರಾಗಿ 29 ದಿನ. ಒಂದೇ ಮನೇಲಿ ಹತ್ತು ದಿನ ಕೂತ್ರೆ ಒಂದು ಮಗು ಹುಟ್ಟಿ ಅಂಬೆಗಾಲಿಟ್ಟು ಸ್ಕೂಲ್ ಬ್ಯಾಗ್ ಹಾಕ್ಕೊಂಡು ನಿಂತಿರತ್ತೆ, ಅದೇ ವಾರ ಹುಟ್ಟಿದ ಪಕ್ಕದ ಮನೆ ಮಗು ಇನ್ನೂ ತೊಟ್ಟಿಲಲ್ಲಿ! ಇಬ್ಬರೂ ಒಟ್ಟಿಗೆ ಆಡ್ಕೊಂಡು ಬೆಳೀಲಿ ಅಂತ ಆಸೆ ಇದ್ರೆ ಒಂದು ಸುತ್ತಲ್ಲಿ ಒಂದೊಂದು ಮನೆಗೆ ನಾಲ್ಕೈದು ದಿನಕ್ಕಿಂತ ಜಾಸ್ತಿ ಕೊಡ್ಬಾರದು. ನನ್ನ ಲೆಕ್ಕ ಇಷ್ಟೇ, ನಿಮಗೆ ಯಾವ ವಯಸ್ಸು ಮುಖ್ಯವೋ ಆ ವಯಸ್ಸು ಎಷ್ಟು ದಿನವೋ ಅದಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಒಂದು ಮನೇಲಿ ಕೂರ್ಬಾರದು. ಮಕ್ಕಳೇ ಬೇಡ, ಬರೀ ಆಫೀಸು ಪ್ರೇಮ ಮನೆ ಕಟ್ಟೋದು ಅನ್ನೋರು ವಾರಗಟ್ಟಲೆ ಕೂತ್ಕೊಳ್ಳಿ, ಯಾರು ಬೇಡ ಅಂದ್ರು.

ಒಂದು ದಿನದ ಸುತ್ತು ಮಾತ್ರ ನನಗೆ ಆಗಲ್ಲ. ಮನೆ ಲೋಡ್ ಆಗೋದ್ರಲ್ಲಿ ಅರ್ಧ ಆಯಸ್ಸು, ಯಾರು ಯಾರ ಮೇಲೆ ಮುನಿಸ್ಕೊಂಡಿದ್ರು ಅಂತ ನೆನಪಿಸ್ಕೊಳ್ಳೋದ್ರಲ್ಲಿ ಇನ್ನರ್ಧ.

ಸಿಮ್ಸ್ 2ರ ಜೊತೆಗೇ ಬರೋ ಪ್ಲೆಸೆಂಟ್‌ವ್ಯೂ ಅನ್ನೋ ಊರು ಆಡ್ತಿದೀನಿ. ಪ್ಲೆಸೆಂಟ್ ಮನೆ ಇಷ್ಟ ಆಗಿ ಅದೊಂದನ್ನೇ ತುಂಬಾ ದಿನ ಆಡ್ಬಿಟ್ಟೆ. ಈಗ ಏಂಜೆಲಾ ಅವಳ ಬಾಯ್‌ಫ್ರೆಂಡ್ ಡಸ್ಟಿನ್ ಹತ್ರ ಹೋದ್ರೆ ಪ್ರೀತಿ ಮಾಡೋ ಆಯ್ಕೆಗಳೇ ಬರ್ತಿಲ್ಲ. ಗೇಮ್ ಕೆಟ್ಟೋಯ್ತಾ? (ಅವಳಿಜವಳಿ ಅಮ್ಮ)

ಕೆಟ್ಟಿಲ್ಲ ಕಣಮ್ಮ, ನೀವು ಹುಡುಗಿನ ದೊಡ್ಡೋಳು ಮಾಡ್ಬಿಟ್ರಿ, ಹುಡುಗನ್ನ ಮರೆತ್ರಿ. ಏಂಜೆಲಾ ಬೆಳೆದು ದೊಡ್ಡ ಹೆಂಗಸಾಗಿದಾಳೆ, ಡಸ್ಟಿನ್ ಬ್ರೋಕ್ ಮನೇಲಿ ಮೊದಲ ದಿನದ ಹಂಗೇ ಟೀನೇಜ್ ಹುಡುಗ. ಆ ಎರಡು ವಯಸ್ಸಿನ ನಡುವೆ ಪ್ರೀತಿ ಗೀತಿ ಆಟ ಬಿಡಲ್ಲ, ಬಿಡಬಾರದು ಕೂಡ. ಏಂಜೆಲಾಳ ಅವಳಿ ಲಿಲಿತ್‌ನೂ ನೋಡಿ, ಅವಳ ಹುಡುಗ ಡರ್ಕ್ ಡ್ರೀಮರ್ ಮನೇಲಿ ಇದೇ ಪಾಡು ಪಡ್ತಿರ್ತಾನೆ.

ದಾರಿ ಇದೆ. ಪ್ಲೆಸೆಂಟ್ ಮನೆ ಬಾಗಿಲು ಹಾಕ್ಬಿಡಿ, ಅಲ್ಲಿ ಒಂದು ನಿಮಿಷನೂ ಓಡಲ್ಲ. ಬ್ರೋಕ್ ಮನೆಗೂ ಡ್ರೀಮರ್ ಮನೆಗೂ ಹೋಗಿ ಹುಡುಗರು ದೊಡ್ಡೋರಾಗೋ ತನಕ ಆಡಿ, ಆಮೇಲೆ ಇಬ್ಬರನ್ನ ಭೇಟಿ ಮಾಡ್ಸಿ, ಹಳೆ ಪ್ರೀತಿಯ ಅಂಕೆಗಳು ಇನ್ನೂ ಅಲ್ಲೇ ಇರತ್ತೆ. ಹೆಂಗೂ ಬ್ರೋಕ್ ಮನೇಲಿ ನಿಮಗೆ ಕೈ ತುಂಬಾ ಕೆಲಸ, ಬ್ರ್ಯಾಂಡಿ ಮೊದಲ ದಿನದಿಂದಲೇ ಬಸುರಿ, ಗಂಡ ತೀರ್ಕೊಂಡಿದಾನೆ, ಕೈಲಿ ಕಾಸಿಲ್ಲ, ಅಂಬೆಗಾಲಿನ ಬೋ ಬೇರೆ. ಅದನ್ನ ಬಿಟ್ಟು ಪ್ಲೆಸೆಂಟ್ ಮನೇಲೇ ಕೂತಿದ್ರಲ್ಲ, ನನಗಿರೋ ಬೇಜಾರು ಅದೊಂದೇ.

ಇನ್ನೊಂದು ತಮಾಷೆ ಹೇಳ್ತೀನಿ. ಆ ಊರಲ್ಲಿ ಗಾತ್ ಮನೆ ಯಜಮಾನ ಮಾರ್ಟಿಮರ್ ಶುರುವಿಂದಲೇ ಮುದುಕ. ಗಾತ್ ಮನೆ ಮುಟ್ಟದೇ ಇದ್ರೆ ಆ ಮುದುಕ ಚಿರಂಜೀವಿ, ಊರಲ್ಲಿ ಮೂರು ತಲೆಮಾರು ಹುಟ್ಟಿ ಸತ್ರೂ ಅವನು ಕೋಟು ಹಾಕ್ಕೊಂಡು ಫುಟ್‌ಪಾತಲ್ಲಿ ಓಡಾಡ್ತಾನೇ ಇರ್ತಾನೆ. ನೀವು ಅವನ ಮನೆಗೆ ಹೋದ್ರಿ ಅಂದ್ರೆ ಅವನ ದಿನ ಎಣಿಸೋಕೆ ಶುರು. ನಾನು ಅದಕ್ಕೇ ಗಾತ್ ಮನೆನ ಯಾವಾಗ್ಲೂ ಸುತ್ತಿನ ಕೊನೇಲಿ ಇಟ್ಕೊಂಡಿದ್ದೆ, ಏನೋ ಒಂಥರಾ ಪಾಪ ಅನ್ಸೋದು.

ನಾವು ಬೇರೆ ಮನೇಲಿರುವಾಗ ಈ ಮನೆಯೋರು ಹಸಿವಿಂದ ಸತ್ತೋಗ್ತಾರಾ? (ಅಮ್ಮನ ಕರುಳು)

ಇಲ್ಲ. ಸಿಮ್ಸ್ 2ರಲ್ಲಿ ಅವರಿಗೆ ಹಸಿವಾಗೋಕೂ ಟೈಮಿಲ್ಲ, 3ರಲ್ಲೂ 4ರಲ್ಲೂ ತಮ್ಮ ಪಾಡು ತಾವು ನೋಡ್ಕೋತಾರೆ. ನಾವಿದ್ದಾಗಲೇ ಒಲೆಗೆ ಬೆಂಕಿ ಹಚ್ಕೊಳ್ಳೋದು ಜಾಸ್ತಿ.

ಸಿಮ್ಸ್ 4ರಲ್ಲಿ ನಾಲ್ಕು ಮನೆ ಮಾಡಿ ಆಡ್ತಿದ್ದೆ. ಒಂದು ಮನೆಗೆ ಎರಡು ತಿಂಗಳು ಬಿಟ್ಟು ವಾಪಸ್ ಹೋದ್ರೆ ನನ್ನ ಹುಡುಗಿಯ ಬೆಸ್ಟ್ ಫ್ರೆಂಡು ಸತ್ತೋಗಿದಾಳೆ! ಅವಳು ನಾನು ಆಡ್ತಿದ್ದ ಮನೆಯೋಳಲ್ಲ, ಊರಲ್ಲಿದ್ದೋಳು. ಯಾಕೆ ಹಿಂಗಾಯ್ತು? (ಸಂತಾಪ ಸೂಚಕ)

ಈ ಏಟು ನಾನೂ ತಿಂದಿದೀನಿ, ಅದೂ ಮದುವೆಗೆ ಕರೆಯೋ ಪಟ್ಟಿ ತೆಗೆದಾಗ ಹೆಸರೇ ಕಾಣದೆ ಗೊತ್ತಾಗಿದ್ದು.

ಗೇಮ್‌ಪ್ಲೇ ಸೆಟಿಂಗ್ಸಿಗೆ ಹೋಗಿ, ಅಲ್ಲಿ ಆಟೋ ಏಜ್ ಅಂತ ಎರಡು ಬೇರೆ ಬೇರೆ ಆಯ್ಕೆ ಇದಾವೆ, ಒಂದು ನೀವು ಆಡಿರೋ ಮನೆಗಳಿಗೆ, ಇನ್ನೊಂದು ಆಡದೇ ಇರೋ ಮನೆಗಳಿಗೆ. ಎಲ್ಲರೂ ಮೊದಲನೇದನ್ನ ಸರಿ ಮಾಡಿ ಎರಡನೇದು ಮರೀತಾರೆ. ಮೊದಲನೇದಕ್ಕೆ ಮೂರು ಉತ್ತರ ಇದೆ: ಹೌದು, ಬೇಡ, ಆಕ್ಟಿವ್ ಮನೆಗೆ ಮಾತ್ರ. ಸರದಿ ಆಡೋರಿಗೆ ಬೇಕಾಗಿರೋದು ಆ ಮೂರನೇದು, ಆಗ ನೀವು ಕೂತಿರೋ ಮನೆಗೆ ಮಾತ್ರ ವಯಸ್ಸಾಗತ್ತೆ, ಉಳಿದ ನಿಮ್ಮ ಮನೆಗಳು ಇದ್ದಂಗೇ ಇರತ್ತೆ. ಎರಡನೇದಕ್ಕೆ ಹೌದು ಅಥವಾ ಬೇಡ, ಅಷ್ಟೇ. ನಿಮ್ಮದು ಹೌದು ಅಂತಿತ್ತು. ನಾಲ್ಕು ಮನೆ ಸುತ್ತಿ ಬರೋಷ್ಟರಲ್ಲಿ ನಿಮ್ಮ ಹುಡುಗಿಗೆ ಏಳು ದಿನ ವಯಸ್ಸಾಗಿದ್ರೆ ಅವಳ ಫ್ರೆಂಡಿಗೆ ಇಪ್ಪತ್ತೆಂಟು ದಿನ ವಯಸ್ಸಾಗಿರತ್ತೆ. ನಾಲ್ಕು ಪಟ್ಟು! ಮನೆ ಜಾಸ್ತಿ ಮಾಡಿದಷ್ಟೂ ಊರಿನೋರು ಬೇಗ ಬೇಗ ಸಾಯ್ತಾರೆ.

ಎರಡು ಪರಿಹಾರ. ಆಡದ ಮನೆಗಳಿಗೆ ವಯಸ್ಸು ಬೇಡ ಅಂತ ಇಟ್ಬಿಡಿ, ಊರಿನೋರು ಹಂಗೇ ಇರ್ತಾರೆ, ಸ್ವಲ್ಪ ಗೊಂಬೆಗಳ ಥರ ಅನ್ಸತ್ತೆ ಆದ್ರೆ ಯಾರೂ ಸಾಯಲ್ಲ. ಅಥವಾ ನಿಮಗೆ ಬೇಕಾದ ಫ್ರೆಂಡು, ಬಾಸು, ಎದುರು ಮನೆ ಜಗಳಗಂಟಿ, ಇವರ ಮನೆಗಳನ್ನ ಮ್ಯಾನೇಜ್ ಹೌಸ್‌ಹೋಲ್ಡ್ಸ್ ಒಳಗೆ ನಿಮ್ಮ ಮನೆಗಳ ಪಟ್ಟಿಗೆ ಸೇರಿಸ್ಕೊಳ್ಳಿ, ಆಡದಿದ್ರೂ ಪರವಾಗಿಲ್ಲ, ಆಡಿರೋ ಮನೆಗಳ ನಿಯಮ ಅವಕ್ಕೂ ತಾಗತ್ತೆ. ನಾನು ಮಾಡೋದು ಎರಡನೇದು. ಇನ್ನೊಂದು ಲಾಭ ಇದೆ, ಊರಲ್ಲಿ ಜನ ಜಾಸ್ತಿ ಆದಾಗ ಆಟ ತಾನೇ ಒಂದಷ್ಟು ಜನರನ್ನ ಒರೆಸಿ ಹಾಕತ್ತೆ, ಮನೆ ಮಠ ಇಲ್ಲದೆ ಸುಮ್ನೆ ಅಲೀತಿರೋರು ಮೊದಲು ಹೋಗೋದು, ನಿಮ್ಮ ಪಟ್ಟೀಲಿರೋರನ್ನ ಅದು ಮುಟ್ಟಲ್ಲ.

ಮತ್ತೆ ನೈಬರ್‌ಹುಡ್ ಸ್ಟೋರೀಸ್ ಅಂತ ಒಂದಿದೆ ನೋಡಿ, 2021ರ ಕೊನೇಲಿ ಬಂದಿದ್ದು, ನೀವು ಇಲ್ಲದಾಗ ಆ ಮನೆಯೋರು ತಾವೇ ಕೆಲಸ ಬದಲಾಯಿಸ್ತಾರೆ, ಮಗು ಮಾಡ್ಕೋತಾರೆ, ನಾಯಿ ತರ್ತಾರೆ, ಮನೆ ಬಿಟ್ಟು ಹೋಗ್ತಾರೆ. ಊರಿನ ಉಳಿದೋರಿಗೆ ಇದು ಚೆನ್ನಾಗಿದೆ, ಊರಿಗೆ ಜೀವ ಬರತ್ತೆ. ನಿಮ್ಮ ಸರದಿ ಮನೆಗಳಿಗೆ ಮಾತ್ರ ಒಂದೊಂದಾಗಿ ನೋಡಿ ಆಫ್ ಮಾಡಿ, ಮನೆ ಮನೆಗೆ ಬೇರೆ ಬೇರೆ ಇಡೋಕೆ ಬರತ್ತೆ. ಇಲ್ಲಾಂದ್ರೆ ವಾಪಸ್ ಹೋದಾಗ ನೀವು ಎರಡು ವಾರ ಕಷ್ಟಪಟ್ಟು ಪ್ರಮೋಷನ್ ಕೊಡ್ಸಿದ ಡಾಕ್ಟರಮ್ಮ ಕೆಲಸ ಬಿಟ್ಟು ಬೇರೆಲ್ಲೋ ಸೇರ್ಕೊಂಡಿರ್ತಾಳೆ.

ಸಿಮ್ಸ್ 4, ಆಟಕ್ಕೆ ಮಳೆ ಚಳಿ ಕಾಲಗಳನ್ನ ಸೇರಿಸೋ ಸೀಸನ್ಸ್ ಪ್ಯಾಕ್ ಇದೆ. ನಾಲ್ಕು ಮನೆ, ಮನೆಗೆ ಒಂದೊಂದು ವಾರ. ಆದ್ರೆ ನನ್ನ ಮೂರನೇ ಮನೆಯೋರಿಗೆ ಯಾವಾಗ ಹೋದ್ರೂ ಎಲೆ ಉದುರೋ ಕಾಲ, ನಾಲ್ಕನೇ ಮನೆಗೆ ಯಾವಾಗ್ಲೂ ಹಿಮ. ಆ ಮಕ್ಕಳು ಇವತ್ತಿನ ತನಕ ಬೇಸಿಗೆನೇ ನೋಡಿಲ್ಲ. ಇದು ಬಗ್ ಅಲ್ವಾ? (ಚಳಿ ಹಿಡಿದೋನು)

ಇದಪ್ಪಾ ಪ್ರಶ್ನೆ ಅಂದ್ರೆ! ಇದನ್ನ ಓದಿ ನಾನು ಪೆನ್ನು ಪೇಪರ್ ತಗೊಂಡು ಕೂತೆ.

ಬಗ್ ಅಲ್ಲ, ಬರೀ ಗುಣಾಕಾರ. ಮೊದಲಿಗೆ ಒಂದು ಕಾಲ ಅಂದ್ರೆ 7 ದಿನ ಅಂತ ಸೆಟ್ ಆಗಿರತ್ತೆ, ನಾಲ್ಕು ಕಾಲಕ್ಕೆ 28 ದಿನ, ಅದೇ ಒಂದು ವರ್ಷ. ನಿಮ್ಮ ಒಂದು ಸುತ್ತು ನಾಲ್ಕು ಏಳ್ಲಿ 28. ಅಂದ್ರೆ ನೀವು ಸುತ್ತು ಮುಗಿಸಿ ಬರೋದೂ ವರ್ಷ ಸುತ್ತಿ ಬರೋದೂ ಒಂದೇ ದಿನ, ಹಂಗಾಗಿ ಒಂದೊಂದು ಮನೆಗೆ ಒಂದೊಂದು ಕಾಲ ಗಂಟು ಬಿದ್ದಿದೆ.

ಕಾಲದ ಉದ್ದ 14 ಮಾಡಿದ್ರೆ ಸರಿಹೋಗತ್ತೆ ಅಂತ ನಾನೂ ಅಂದ್ಕೊಂಡೆ, ಇಲ್ಲ, ಅರ್ಧ ಮಾತ್ರ ಸರಿಹೋಗತ್ತೆ: ವರ್ಷ 56 ದಿನ ಆಗತ್ತೆ, ನೀವು 28 ದಿನಕ್ಕೊಮ್ಮೆ ಬಂದ್ರೆ ಸರಿಯಾಗಿ ಅರ್ಧ ವರ್ಷ ದಾಟಿರತ್ತೆ, ಮೊದಲ ಎರಡು ಮನೆಗೆ ಬರೀ ವಸಂತ ಮತ್ತೆ ಎಲೆ ಉದುರೋ ಕಾಲ, ಕೊನೆ ಎರಡು ಮನೆಗೆ ಬರೀ ಬೇಸಿಗೆ ಮತ್ತೆ ಚಳಿ. 28 ದಿನದ ಆಯ್ಕೆನೂ ಇದೆ, ಅದನ್ನ ಹಾಕಿ. ಆಗ ಮಜಾ ನೋಡಿ, ನಾಲ್ಕೂ ಮನೆ ಒಂದು ಸುತ್ತು ಮುಗಿಸೋ ತನಕ ಪೂರ್ತಿ ವಸಂತ, ಎರಡನೇ ಸುತ್ತು ಪೂರ್ತಿ ಬೇಸಿಗೆ. ಎಲ್ಲರ ಮನೇಲೂ ಒಂದೇ ಹವಾಮಾನ, ಎಲ್ಲರಿಗೂ ನಾಲ್ಕೂ ಕಾಲ.

ಕಾಲ 7 ದಿನನೇ ಇರ್ಲಿ ಅನ್ನೋರು ಐದನೇ ಮನೆ ಒಂದು ಸೇರಿಸಿ. 35 ದಿನಕ್ಕೆ ಒಂದು ಸುತ್ತಾಗತ್ತೆ, ಪ್ರತಿ ಸಲ ಬಂದಾಗ ಒಂದು ಕಾಲ ಮುಂದೆ ಹೋಗಿರತ್ತೆ. ಮೂರೇ ಮನೆ ಇದ್ರೆ 21 ದಿನ, ಆಗ ಕಾಲ ಹಿಂದಕ್ಕೆ ಹೋಗತ್ತೆ! ವಸಂತ ಆದ್ಮೇಲೆ ಚಳಿ, ಚಳಿ ಆದ್ಮೇಲೆ ಎಲೆ ಉದುರೋದು. ಯಾರಾದ್ರೂ ವಿಚಿತ್ರ ಕಥೆ ಬರೀಬೇಕು ಅಂತಿದ್ರೆ ಇದು ಬಿಟ್ಟಿ ಪ್ಲಾಟು.

ಸಿಮ್ಸ್ 2 ಆಡೋರಿಗೆ ಈ ಗೋಜಿಲ್ಲ. ಅಲ್ಲಿ ಸೀಸನ್ಸ್ ಪ್ಯಾಕಿನ ಒಂದು ಕಾಲ 5 ದಿನ, ಅದೂ ಮನೆಗೊಂದು. ಐದೈದು ದಿನದ ಸುತ್ತು ಹಾಕಿದ್ರೆ ಒಂದು ಸುತ್ತು ಒಂದು ಕಾಲ, ಇಡೀ ಊರಿಗೆ ಒಟ್ಟಿಗೆ ಹಿಮ ಬೀಳತ್ತೆ. ಮೇಲೆ ನಾಲ್ಕೈದು ದಿನ ಅಂದ್ನಲ್ಲ, ಅದರಲ್ಲಿ ಐದನ್ನೇ ನಾನು ಹಿಡ್ಕೊಂಡಿರೋದು ಇದಕ್ಕೇ.

ಮೇಡಂ, ನಾನು ಸಿಮ್ಸ್ 3. ಮನೆ ಬದಲಾಯಿಸಿ ವಾಪಸ್ ಬಂದಾಗ ನಾನು ಒಪ್ಕೊಂಡು ಇಟ್ಟಿದ್ದ ಆಸೆಗಳೆಲ್ಲ ಮಾಯ. ಏನು ಮಾಡ್ಲಿ? (ಹಳೇ ಕಂಪ್ಯೂಟರಿನವ)

ಮನೆ ಬಿಟ್ಟ ತಕ್ಷಣ ಆ ವಿಶ್‌ಗಳು, ಅಂದ್ರೆ ಆಟದ ಜನ ಕೇಳೋ ಆಸೆಗಳು, ಹೋಗ್ಬಿಡ್ತವೆ, ಆ ಆಟ ಇರೋದೇ ಹಂಗೆ. ಸಿಮ್ಸ್ 3 ಸರದಿ ಆಟಕ್ಕೆ ಅಂತ ಮಾಡಿದ್ದೇ ಅಲ್ಲ, ಅದರ ಹೆಮ್ಮೆನೇ ಬಾಗಿಲು ತೆಗೆದು ಲೋಡಿಂಗ್ ಇಲ್ಲದೆ ಇಡೀ ಊರು ಸುತ್ತೋದು, ಒಂದು ಮನೆ ಜೊತೆ ಇಡೀ ಊರು ಮುಂದಕ್ಕೆ ಹೋಗೋದು. ಆದ್ರೂ ಆಡ್ತೀನಿ ಅಂತ ಹಟ ಇದ್ರೆ: ಹೊರಡೋ ಮೊದಲು ಚಿಕ್ಕ ಪುಟ್ಟ ವಿಶ್ ಮುಗಿಸ್ಬಿಡಿ, ದೊಡ್ಡದಿದ್ರೆ ಬರ್ದಿಟ್ಕೊಳ್ಳಿ. ಆಪ್ಷನ್ಸಲ್ಲಿ ಸ್ಟೋರಿ ಪ್ರೋಗ್ರೆಷನ್ (ಊರಿನೋರ ಬದುಕನ್ನ ಆಟ ತಾನೇ ನಡೆಸೋದು) ಆಫ್ ಮಾಡಿ, ವಯಸ್ಸಾಗೋದನ್ನೂ ಆಫ್ ಮಾಡಿ, ಯಾರು ಯಾವಾಗ ದೊಡ್ಡೋರಾಗ್ಬೇಕು ಅನ್ನೋದನ್ನ ನೀವೇ ನಿರ್ಧಾರ ಮಾಡಿ ಬರ್ತ್‌ಡೇ ಕೇಕ್ ಇಟ್ಟು ಊದಿಸಿ. ಕೇಕಿನ ಆಟ ಅಂತ ನಾವು ಅದನ್ನ ತಮಾಷೆ ಮಾಡ್ತಿದ್ವಿ, ಆದ್ರೆ ಕೆಲಸ ಮಾಡತ್ತೆ. ಕಂಪ್ಯೂಟರಲ್ಲಿ ಆಡೋರು ಎನ್‌ರಾಸ್ ಸ್ಟೋರಿ ಪ್ರೋಗ್ರೆಷನ್ ಅನ್ನೋ ಮಾಡ್ (ಆಟ ಆಡೋರೇ ಬರೆದ ಸೇರ್ಪಡೆ) ಹಾಕ್ಕೊಂಡ್ರೆ ಊರಿನ ಲಗಾಮು ಇನ್ನೂ ಚೆನ್ನಾಗಿ ಕೈಗೆ ಸಿಗತ್ತೆ.

ಸಿಮ್ಸ್ 2 ಯೂನಿವರ್ಸಿಟಿ: ಮಗನ್ನ ಕಾಲೇಜಿಗೆ ಕಳಿಸ್ದೆ. ಪದವಿ ಮುಗಿಸಿ ಬಂದ್ರೆ ಮನೇಲಿ ತಂಗಿ ಇನ್ನೂ ಅದೇ ಅಂಬೆಗಾಲು. ಲೆಕ್ಕ ಹೆಂಗೆ ಸರಿ ಮಾಡೋದು? (ಫೀಸ್ ಕಟ್ಟಿದ ಅಪ್ಪ)

ಒಂದು ಸೆಮಿಸ್ಟರ್ 72 ಗಂಟೆ, ಎಂಟು ಸೆಮಿಸ್ಟರು, ಒಟ್ಟು 24 ದಿನ. ಅಷ್ಟೂ ದಿನ ಮನೇಲಿ ಗಡಿಯಾರ ನಿಂತಿರತ್ತೆ. ಕಾಲೇಜಿನ 24 ದಿನಾನ ಊರಿನ 24 ದಿನಕ್ಕೆ ಸಮ ಮಾಡೋಕೆ ಹೋದ್ರೆ ಅಪ್ಪ ಅಮ್ಮ ಅಷ್ಟರಲ್ಲಿ ಮುದುಕರಾಗ್ತಾರೆ, ದೊಡ್ಡೋರ ವಯಸ್ಸೇ 29 ದಿನ ಅಲ್ವಾ. ನಾನು ಒಂದು ಸುತ್ತಿಗೆ ಇಡೀ ಕಾಲೇಜು ಅಂತ ಇಟ್ಕೊಂಡಿದೀನಿ. ಅಂದ್ರೆ ಊರಲ್ಲಿ ಎಲ್ಲ ಮನೆನೂ ಐದೈದು ದಿನ ಆಡ್ತೀನಿ, ಸುತ್ತಿನ ಕೊನೇಲಿ ಹಾಸ್ಟೆಲಿಗೆ ಹೋಗಿ ಎಂಟೂ ಸೆಮಿಸ್ಟರ್ ಮುಗಿಸಿ ಹುಡುಗನ್ನ ಕರ್ಕೊಂಡು ಬರ್ತೀನಿ. ಮುಖ್ಯವಾಗಿ, ಜೊತೆಗೆ ಓದ್ಬೇಕಾದೋರನ್ನೆಲ್ಲ ಒಂದೇ ಸಲ ಕಳಿಸಿ, ಒಬ್ಬೊಬ್ಬರಾಗಿ ಕಳಿಸಿದ್ರೆ ಆ 24 ದಿನ ಅಷ್ಟು ಸಲ ಆಡ್ಬೇಕು, ಅದು ಶಿಕ್ಷೆ.

ನಾಲ್ಕನೇ ಮನೆಗೆ ಬರೋ ಹೊತ್ತಿಗೆ ಮೊದಲನೇ ಮನೇಲಿ ಏನಾಗಿತ್ತು ಅಂತಾನೇ ಮರೆತೋಗಿರತ್ತೆ. ನಿಮಗೆ ಹೆಂಗೆ ನೆನಪಿರತ್ತೆ? (ಮರೆಗುಳಿ)

ನನಗೂ ನೆನಪಿರಲ್ಲ, ನೋಟ್‌ಬುಕ್ಕಿಗೆ ನೆನಪಿರತ್ತೆ. ಎಕ್ಸೆಲ್ ಶೀಟಲ್ಲಿ ಬಣ್ಣ ಬಣ್ಣದ ಕಾಲಂ ಮಾಡೋರು ಇದಾರೆ, ನಾನೂ ಒಂದ್ಸಲ ಮಾಡ್ದೆ, ಆಮೇಲೆ ನೋಡಿದ್ರೆ ಆಟಕ್ಕಿಂತ ಶೀಟ್ ಜಾಸ್ತಿ ಆಡ್ತಿದೀನಿ. ಬಿಟ್ಟೆ. ಈಗ ಮನೆ ಬಿಡೋ ಮೊದಲು ಗೇಮ್ ಪಾಸ್ ಮಾಡಿ ನಾಲ್ಕು ಸಾಲು ಕೈಯಲ್ಲಿ ಬರೀತೀನಿ. ಒಂದು ಹಳೆ ಪುಟ ಹಂಗೇ ಕೊಡ್ತೀನಿ ನೋಡಿ:

"ಸುತ್ತು 2, ಬ್ರೋಕ್ ಮನೆ, ದಿನ 6ರಿಂದ 10. ಬೋ ಸ್ಕೂಲಿಗೆ ಹೋಗ್ತಿದಾನೆ, ಹೋಂವರ್ಕ್ ಮೂರು ಬಾಕಿ, ಒಂದು ಅಂಗಳದಲ್ಲೇ ಬಿದ್ದಿದೆ. ಚಿಕ್ಕದು ನಡೆಯೋದು ಕಲೀತು, ಮಾತು ಇನ್ನೂ ಇಲ್ಲ. ಬ್ರ್ಯಾಂಡಿಗೆ ನಿದ್ದೆ ಇಲ್ಲ, ಕೆಲಸಕ್ಕೆ ಒಂದು ದಿನ ರಜ. ಡಸ್ಟಿನ್ ಏಂಜೆಲಾಗೆ ಫೋನ್ ಮಾಡಿ ನಾಲ್ಕು ದಿನ ಆಯ್ತು. ಮುಂದಿನ ಸಲ: ಮೊದ್ಲು ಬಿಲ್ಲು ಕಟ್ಟು."

ಆ ಕೊನೆ ಸಾಲು, "ಮುಂದಿನ ಸಲ" ಅನ್ನೋದು, ಅದೊಂದು ಬರೀದೇ ಮಾತ್ರ ಮನೆ ಬಿಡ್ಬೇಡಿ. ಏನಾಯ್ತು ಅನ್ನೋದನ್ನ ಮನೆ ಒಳಗೆ ಹೋಗಿ ಸುತ್ತ ನೋಡಿದ್ರೆ ಹೆಂಗೋ ಊಹೆ ಮಾಡ್ಬೋದು, ಏನು ಮಾಡ್ಬೇಕು ಅಂತಿದ್ರಿ ಅನ್ನೋದು ನಿಮ್ಮ ತಲೇಲಿ ಮಾತ್ರ ಇದ್ದದ್ದು. ಸಿಮ್ಸ್ 2ರಲ್ಲಿ ಫೋಟೋ ತೆಗೆದು ಕೆಳಗೆ ಸಾಲು ಬರೆಯೋ ಆಲ್ಬಮ್ಮೂ ಇದೆ, ಬರೆಯೋಕೆ ಸೋಮಾರಿತನ ಇರೋರಿಗೆ ಹೊರಡೋ ಮೊದಲು ಒಂದು ಫೋಟೋ ಸಾಕು.

ಮತ್ತೆ, ಮನೆ ಬಿಡೋ ಹೊತ್ತೂ ನೋಡ್ಕೊಳ್ಳಿ. ಹೆರಿಗೆ ನೋವಿನ ಮಧ್ಯೆ, ಬೆಂಕಿ ಬಿದ್ದಾಗ, ಪಾರ್ಟಿ ಅರ್ಧ ಆಗಿರುವಾಗ ಎದ್ದು ಹೋಗ್ಬೇಡಿ. ಮನೆಗೆ ಒಂದೊಂದು ವಾರ ಆಡುವಾಗ ನಾನು ಭಾನುವಾರ ಸಂಜೆ ಎಲ್ಲರೂ ಮನೇಲಿದ್ದಾಗ ಬಿಡ್ತೀನಿ, ಯಾವ ಮನೆಗೆ ಹೋದ್ರೂ ಅಲ್ಲಿ ವಾರ ಶುರುವಾಗೋ ಹೊತ್ತಿರತ್ತೆ.

ಆರು ಮನೇಲಿ ಎರಡು ಮನೆ ಸಿಕ್ಕಾಪಟ್ಟೆ ಬೋರು. ಆದ್ರೂ ಸರದಿ ಅಂದ್ಮೇಲೆ ಆಡ್ಲೇಬೇಕಲ್ವಾ? (ಶಿಸ್ತಿನ ಸಿಪಾಯಿ)

ಯಾರ್ರೀ ಹೇಳಿದ್ದು ಆಡ್ಲೇಬೇಕು ಅಂತ. ಇದೇನು ಸರ್ಕಾರಿ ಪಾಳಿನಾ. ಆದ್ರೆ ಮನೆ ಬೋರ್ ಆಗೋದು ಅಲ್ಲಿ ಎಲ್ಲ ಸರಿ ಇರೋದ್ರಿಂದ, ದುಡ್ಡಿದೆ, ಕೆಲಸ ಇದೆ, ಗಂಡ ಹೆಂಡತಿ ಚೆನ್ನಾಗಿದಾರೆ, ನಿಮಗೆ ಮಾಡೋಕೆ ಏನಿಲ್ಲ. ಅಂಥ ಮನೆನ ತೆಗೆದು ಹಾಕೋ ಮೊದಲು ಒಂದ್ಸಲ ಅದನ್ನ ಬೇರೆ ಮನೆಗೆ ಗಂಟು ಹಾಕಿ ನೋಡಿ. ಅವರ ಮಗಳು ಬಡವರ ಮನೆ ಹುಡುಗನ ಫ್ರೆಂಡ್ ಆಗ್ಲಿ, ಅಪ್ಪನ ಬಾಸು ನೀವೇ ಆಡೋ ಇನ್ನೊಂದು ಮನೆಯೋಳಾಗಿರ್ಲಿ. ಸಿಮ್ಸ್ 4ರಲ್ಲಿ ಗೆಟ್ ಟುಗೆದರ್ ಪ್ಯಾಕ್ ಇದ್ರೆ ಮನೆಗೊಬ್ಬರಂತೆ ತಗೊಂಡು ಒಂದು ಕ್ಲಬ್ ಮಾಡಿ, ಎಂಟು ಜನ ಸೇರಿಸ್ಬೋದು, ಯಾವ ಮನೇಲಿದ್ರೂ ಕರೆದ ತಕ್ಷಣ ಎಲ್ಲರೂ ಒಂದು ಕಡೆ ಬರ್ತಾರೆ. ಅಷ್ಟಾದ್ಮೇಲೂ ಬೋರಾದ್ರೆ ಆ ಮನೆಗೆ ಎರಡು ಸುತ್ತಿಗೊಮ್ಮೆ ಹೋಗಿ, ವಯಸ್ಸಿನ ಲೆಕ್ಕ ಮಾತ್ರ ಆಮೇಲೆ ಸರಿ ಮಾಡ್ಕೊಳ್ಳಿ. ನನ್ನ ಮಟ್ಟಿಗೆ ಐದಾರು ಮನೆ ಮಿತಿ, ಅದಕ್ಕಿಂತ ಜಾಸ್ತಿ ಆದ್ರೆ ಆಟ ಅಲ್ಲ, ಉಸಾಬರಿ.

ಇಷ್ಟು ಮನೆ ಒಂದೇ ಸೇವಲ್ಲಿ ಇಟ್ಕೊಂಡ್ರೆ ಫೈಲ್ ಕೆಟ್ಟೋಗಲ್ವಾ? (ಹೆದರುಪುಕ್ಕಲ)

ಕೆಡ್ಬೋದು, ಹೆದ್ರಿ, ಹೆದ್ರೋದು ಒಳ್ಳೇದು. ಸಿಮ್ಸ್ 2ರಲ್ಲಿ ಬೇರೆ ಬೇರೆ ಸೇವ್ ಇಡೋ ಸೌಲಭ್ಯವೇ ಇಲ್ಲ, ಒಂದು ಊರಿಗೆ ಒಂದೇ ಸ್ಥಿತಿ. ಅದಕ್ಕೆ ಪ್ರತಿ ಸುತ್ತು ಮುಗಿದ್ಮೇಲೆ ನೈಬರ್‌ಹುಡ್ಸ್ ಫೋಲ್ಡರು ಪೂರ್ತಿ ಕಾಪಿ ಮಾಡಿ ಸುತ್ತಿನ ನಂಬರ್ ಹಾಕಿ ಇಟ್ಕೊಳ್ಳಿ, ಅದರೊಳಗಿನ ಎನ್001 ಅನ್ನೋದು ಪ್ಲೆಸೆಂಟ್‌ವ್ಯೂ. ಸತ್ತೋರ ಸಮಾಧಿ ಕಲ್ಲನ್ನ ಜಾಗ ಇಲ್ಲ ಅಂತ ಡಿಲೀಟ್ ಮಾಡ್ಬೇಡಿ ದಯವಿಟ್ಟು, ಜನ ಇರೋ ಮನೆನೂ ಡಿಲೀಟ್ ಮಾಡ್ಬೇಡಿ, ಊರು ಒಳಗಿಂದಲೇ ಕೊಳೆಯೋಕೆ ಶುರು ಆಗತ್ತೆ, ಗೊತ್ತಾಗೋದು ಎಷ್ಟೋ ದಿನ ಆದ್ಮೇಲೆ. ಸ್ಮಶಾನದ ಲಾಟ್ ಒಂದು ಮಾಡಿ ಎಲ್ಲ ಕಲ್ಲನ್ನೂ ಅಲ್ಲಿಗೆ ಸಾಗಿಸಿ. ಸಿಮ್ಸ್ 4ರಲ್ಲಿ ಸುತ್ತಿಗೊಂದು ಸೇವ್ ಆಸ್ ಮಾಡಿ, ಮರೆತ್ರೂ ಹಿಂದಿನ ಒಂದಷ್ಟು ಸೇವ್ ಆಟ ತಾನೇ ಇಟ್ಕೊಂಡಿರತ್ತೆ, ಲೋಡ್ ಮಾಡೋ ಜಾಗದಲ್ಲೇ ರಿಕವರ್ ಅಂತ ಸಿಗತ್ತೆ.

ಅಕ್ಕ, ಇಷ್ಟೆಲ್ಲ ಲೆಕ್ಕ ಯಾಕೆ ಬೇಕು? ಒಂದೇ ಮನೆ ತಲೆಮಾರು ತಲೆಮಾರು ಆಡೋದ್ರಲ್ಲಿ ಇಲ್ಲದ್ದು ಇದ್ರಲ್ಲಿ ಏನಿದೆ? (ಏಕಪತ್ನೀ ವ್ರತಸ್ಥ)

ಹೆಸರು ನೋಡಿ ನಗು ಬಂತು. ಏನಿದೆ ಅಂತ ಒಂದೇ ಒಂದು ಸಂಜೆ ಹೇಳ್ತೀನಿ.

ಗಾತ್ ಮನೇಲಿ ಮಾರ್ಟಿಮರ್ ಮಗಳು ಕ್ಯಾಸಂಡ್ರಾ, ಆಟ ಶುರುವಾಗುವಾಗ್ಲೇ ಡಾನ್ ಲೊಥಾರಿಯೋ ಜೊತೆ ನಿಶ್ಚಿತಾರ್ಥ ಆಗಿರತ್ತೆ. ನಾನು ಆ ವಾರ ಗಾತ್ ಮನೇಲಿದ್ದೆ. ಕೆಳಗಡೆ ಆಸೆಗಳ ಪಟ್ಟೀಲಿ ಡಾನ್ ಮುಖ, ಮದುವೆ ಆಗ್ಬೇಕು ಅಂತ, ನಾನು ಅದನ್ನ ಲಾಕ್ ಮಾಡಿಟ್ಟಿದ್ದೆ. ಹಿತ್ತಲಲ್ಲಿ ಮದುವೆ ಕಮಾನು ನಿಲ್ಸಿ ಕುರ್ಚಿ ಸಾಲಾಗಿ ಹಾಕಿದ್ದೂ ಆಯ್ತು, ತಮ್ಮ ಅಲೆಕ್ಸಾಂಡರ್ ಒಂದು ಕುರ್ಚಿ ಮೇಲೆ ಆಗ್ಲೇ ಕೂತಿದ್ದ, ದಿನ ಮುಗೀತು, ಸೇವ್ ಮಾಡಿ ಸರದಿ ಪ್ರಕಾರ ಡಾನ್ ಮನೆಗೆ ಹೋದೆ. ಒಂದೇ ಮನೆ ಆಡಿದ್ರೆ ನಾನು ಡಾನ್‌ನ ನೋಡೋದು ಅತಿಥಿಯಾಗಿ ಬಂದಾಗ ಮಾತ್ರ, ಚೆನ್ನಾಗಿ ಮಾತಾಡ್ತಾನೆ, ಕೈ ಹಿಡೀತಾನೆ, ಹೋಗ್ತಾನೆ. ಅವನ ಮನೇಲಿ ಲೋಡ್ ಆದ ಕೂಡ್ಲೆ ಅವನ ಪಟ್ಟಿ ನೋಡ್ದೆ. ಆಸೆಗಳ ಸಾಲಲ್ಲಿ ಕ್ಯಾಲಿಯೆಂಟೆ ಮನೆ ಅಕ್ಕ ತಂಗಿ ಇಬ್ಬರ ಮುಖ. ಅದರ ಕೆಳಗೆ ಕೆಂಪು ಬಣ್ಣದ ಭಯಗಳ ಸಾಲು ಇರತ್ತಲ್ಲ, ಅದರಲ್ಲಿ ಮದುವೆ ಉಂಗುರ.

ಹಿತ್ತಲಲ್ಲಿ ಆ ಕುರ್ಚಿಗಳು ಇನ್ನೂ ಹಂಗೇ ಇದಾವೆ, ಅಲ್ಲಿ ಇನ್ನೂ ಅದೇ ಸಂಜೆ. ನಾನು ಮೂರು ಸುತ್ತಿಂದ ಗಾತ್ ಮನೆ ಸರದಿ ಬಂದಾಗೆಲ್ಲ ಏನೋ ನೆಪ ಹೇಳಿ ಮುಂದಿನ ಮನೆಗೆ ಹೋಗ್ತಿದೀನಿ.